ಹನ್ನೊಂದು ಮಕ್ಕಳ ಪಾಟಿ

ಕಳೆದ ತಿಂಗಳು ಕುರ್ಲಾದ ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯವರು ಅಡುಗೆಕಟ್ಟೆಯ ಹಳೆಯ ಕಡಪ ಕಲ್ಲನ್ನು ತೆಗೆಸಿ ಹೊಸದನ್ನು ಹಾಕಿಸಿದರು. ಕಲ್ಲು ಕೊಯ್ಯುವವನು ನೀರು ಸುರಿಯುತ್ತ ಯಂತ್ರ ಓಡಿಸುತ್ತಿದ್ದ. ಒದ್ದೆಯಾದ ಕರಿಗಲ್ಲಿನ ವಾಸನೆ ಬಾಗಿಲ ಸಂದಿಯಿಂದ ಒಳಬಂತು. ನಾನು ಓದುತ್ತಿದ್ದ ಪುಸ್ತಕವನ್ನು ಕೆಳಗಿಟ್ಟೆ. ಎದ್ದು ಹೋಗಿ ಆ ಸಂದಿಗೆ ಬಟ್ಟೆ ತುರುಕಿದೆ. ಈ ವಯಸ್ಸಿನಲ್ಲಿ ಒಂದು ವಾಸನೆಗೆ ಹೀಗೆ ಹೆದರುವುದುಂಟೇ ಎಂದು ನನಗೇ ಆಶ್ಚರ್ಯವಾಯಿತು. ನಮ್ಮ ಮಾಸ್ತರರು ಬರೆದು ಮನೆಮನೆಗೆ ಕಳಿಸುತ್ತಿದ್ದ ಪಾಟಿಗೂ, ಆ ಕಲ್ಲಿನ ಸ್ಲೇಟಿಗೂ, ನೀರು ತಗುಲಿದಾಗ ಇದೇ ವಾಸನೆಯಿತ್ತು...

ನಾನು ಓದಿದ್ದು ಫೋರ್ಟಿನ ಒಂದು ಓಣಿಯಲ್ಲಿ, ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿದ್ದ ಕನ್ನಡ ಪ್ರಾಥಮಿಕ ಶಾಲೆಯಲ್ಲಿ. ಮಾಸ್ತರರು ಧಾರವಾಡದ ಕಡೆಯವರು. ಬಿಳಿಯ ಧೋತರ, ಮೊಣಕೈಯಲ್ಲಿ ತೇಪೆ ಹಾಕಿದ ಕೋಟು, ದಪ್ಪ ಗಾಜಿನ ಕನ್ನಡಕ. ಅವರು ಯಾರನ್ನೂ ಹೊಡೆದದ್ದನ್ನು ನಾನು ಕಾಣೆ. ಆದರೂ ನಮಗೆ ಅವರ ಭಯವಿತ್ತು. ಅದಕ್ಕೆ ಕಾರಣ ಆ ಪಾಟಿ.

ಮಕ್ಕಳು ಏನು ಕಲಿತರೆಂಬುದು ಮನೆಯವರಿಗೆ ತಿಳಿಯಲೇಬೇಕು ಎಂಬುದು ಅವರ ಹಟವಾಗಿತ್ತು. ನಮ್ಮ ತಂದೆಯರಲ್ಲಿ ಹೆಚ್ಚಿನವರು ಉಡುಪಿ ಹೋಟೆಲುಗಳಲ್ಲಿ ನಸುಕಿನಿಂದ ರಾತ್ರಿಯವರೆಗೆ ದುಡಿಯುವವರು. ತಾಯಂದಿರಲ್ಲಿ ಹಲವರಿಗೆ ಅಕ್ಷರ ಬಾರದು. ಚೀಟಿ ಕಳಿಸಿದರೆ ಅದನ್ನು ಓದಿ ಹೇಳಬೇಕಾದವರು ಆ ಮಕ್ಕಳೇ. ಮಕ್ಕಳು ತಮಗೆ ಬೇಕಾದಂತೆ ಓದುತ್ತಾರೆಂಬುದು ಮಾಸ್ತರರಿಗೆ ಗೊತ್ತಿತ್ತು. ಆದ್ದರಿಂದ ಅವರು ಕಟ್ಟಿಗೆಯ ಚೌಕಟ್ಟಿನ ದೊಡ್ಡ ದೊಡ್ಡ ಕಲ್ಲಿನ ಪಾಟಿಗಳನ್ನು ತರಿಸಿ, ಬಿಲ್ಡಿಂಗಿಗೆ ಒಂದರಂತೆ ಹಂಚಿದ್ದರು. ವಾರಕ್ಕೊಮ್ಮೆ ಒಂದೊಂದು ಮಗುವಿನ ಹೆಸರಿನ ಮುಂದೆ ಒಂದು ಸಾಲು, ಕೆಳಗೆ ಶಾಲೆಯಲ್ಲಿ ಮುಂದೆ ನಡೆಯುವುದರ ಸುದ್ದಿ. ಪಾಟಿಯನ್ನು ನಳದ ಪಕ್ಕದ ಮೊಳೆಗೆ ತೂಗುಹಾಕಬೇಕು. ಅಕ್ಷರ ಬಲ್ಲ ಯಾರಾದರೊಬ್ಬರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು.

ನಮ್ಮ ಬಿಲ್ಡಿಂಗಿನಿಂದ ಆ ಶಾಲೆಗೆ ಹೋಗುತ್ತಿದ್ದವರು ಹನ್ನೊಂದು ಮಕ್ಕಳು. ಹಿರಿಯವಳು ನಾನಾದ್ದರಿಂದ ಪಾಟಿ ಹೊರುವ ಕೆಲಸ ನನ್ನದು. ಓದುತ್ತಿದ್ದವರು ಎದುರು ಖೋಲಿಯ ಮೈಸೂರತ್ತೆ, ಗುಮಾಸ್ತರೊಬ್ಬರ ಹೆಂಡತಿ. ಸಂಜೆ ನಾಲ್ಕಕ್ಕೆ ನಳದಲ್ಲಿ ನೀರು ಬರುವಾಗ ಕೊಡ ಹಿಡಿದು ನಿಂತ ಹೆಂಗಸರ ಮುಂದೆ ಅವರು ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದರು.

"ಕೇಳ್ರಮ್ಮಾ, ನಮ್ಮ ಚಂದ್ರಿ ಈ ವಾರ ಹತ್ತರವರೆಗೆ ಎಣಿಸಿದಾಳಂತೆ. ಮಧ್ಯೆ ಆರನ್ನ ನುಂಗಿಬಿಟ್ಟಿದಾಳಂತೆ! ಅವರಪ್ಪನ ಹಾಗೇನೇ, ಊಟಕ್ಕೆ ಮುಂದು."

ಎಲ್ಲರೂ ನಗುತ್ತಿದ್ದರು. ಮೂಗು ಸುರಿಸುತ್ತ ನಿಂತ ಅವರ ಮಗಳು ಚಂದ್ರಿಯೂ ನಗುತ್ತಿದ್ದಳು. ಅವಳಿಗೆ ಆಗ ಆರು ವರ್ಷ, ಒಂದನೆಯ ಇಯತ್ತೆ. ನನ್ನ ಹೆಸರು ಬರುವವರೆಗೆ ಮಾತ್ರ ನನಗೆ ನಗು ಬರುತ್ತಿರಲಿಲ್ಲ.

ಈಗ ಹೇಳಬೇಕಾದ ಸಂಗತಿ ನಡೆದದ್ದು ಮಳೆಗಾಲದಲ್ಲಿ ಎಂದು ನಾನು ಬಹುಕಾಲ ನಂಬಿದ್ದೆ. ಪಾಟಿ ಒದ್ದೆಯಾಗಿದ್ದುದು ನೆನಪಿತ್ತು, ಮಳೆಯೇ ಅದನ್ನು ತೋಯಿಸಿರಬೇಕೆಂದು ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ನಿವೃತ್ತಿಯ ನಂತರ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ತಿರುವಿದಾಗ ಮುಂಬಯಿ ಮಹಾರಾಷ್ಟ್ರಕ್ಕೇ ಸೇರಬೇಕೆಂಬ ಚಳವಳಿಯಲ್ಲಿ ನಗರದಲ್ಲಿ ಆ ಗಲಭೆಗಳಾದದ್ದು ೧೯೫೬ರ ಜನವರಿ ಮೂರನೆಯ ವಾರವೆಂದು ಖಚಿತವಾಯಿತು. ನನ್ನ ಲಂಗದ ಜೇಬಿನಲ್ಲಿ ಸಂಕ್ರಾಂತಿಯ ಎಳ್ಳುಂಡೆ ಇದ್ದ ನೆನಪೂ ಇದಕ್ಕೆ ಹೊಂದುತ್ತದೆ. ವಾರದ ಯಾವ ದಿನವೆಂಬುದನ್ನು ಮಾತ್ರ ಇಂದಿಗೂ ಹೇಳಲಾರೆ. ಮುಂಬಯಿಯಲ್ಲಿ ಜನವರಿಯಲ್ಲಿ ಮಳೆ ಬೀಳುವುದು ತೀರ ಅಪರೂಪ. ಆ ವಾರದ ಯಾವ ಪತ್ರಿಕೆಯಲ್ಲೂ ಮಳೆಯ ಮಾತಿಲ್ಲ. ಪಾಟಿಯ ಮೇಲೆ ಬಿದ್ದ ನೀರು ನಾನೇ ಹಾಕಿದ್ದು.

ಅದಕ್ಕೆ ಕೆಲವು ದಿನ ಮೊದಲು ನಾನು ಪಕ್ಕದವಳ ಲೆಕ್ಕ ನೋಡಿ ಬರೆದು ಸಿಕ್ಕಿಬಿದ್ದಿದ್ದೆ. ಮಾಸ್ತರರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು, ಅಷ್ಟೆ. ಅಪ್ಪ ಹೋಟೆಲಿನಲ್ಲಿ ಅಡುಗೆ ಭಟ್ಟರು, ಮಾತು ಕಡಿಮೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಟ್ಟಿದ್ದರು: "ಕದ್ದದ್ದು, ಸುಳ್ಳು ಹೇಳಿದ್ದು ಅಂತ ಶಾಲೆಯಿಂದ ದೂರು ಬಂದರೆ ಮತ್ತೆ ಇಲ್ಲಿ ಇರ್ಲಿಕ್ಕಿಲ್ಲ. ಸೀದಾ ಊರಿಗೆ." ನನ್ನ ಚಿಕ್ಕಪ್ಪನ ಮಗಳನ್ನು ಹಾಗೆಯೇ ಊರಿನ ಹಡಗು ಹತ್ತಿಸಿದ್ದನ್ನು ನಾನು ಕಂಡಿದ್ದೆ. ಅವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಆ ದಿನ ಶಾಲೆ ಬಿಟ್ಟ ಮೇಲೆ ಮಾಸ್ತರರು ನನ್ನನ್ನೂ ಬೇರೆ ಬಿಲ್ಡಿಂಗುಗಳ ಪಾಟಿ ಹೊರುವವರನ್ನೂ ನಿಲ್ಲಿಸಿಕೊಂಡರು. ಅದು ಪಾಟಿಯ ದಿನವಾಗಿರಲಿಲ್ಲ. ಒಂದೊಂದೇ ಪಾಟಿಯ ಮೇಲೆ ಅವಸರದಿಂದ ಬರೆದು, ನನ್ನದನ್ನು ಕೈಗಿತ್ತರು.

"ಓಡಬ್ಯಾಡ. ಎದಿಗೆ ಒತ್ತಿ ಹಿಡೀಬ್ಯಾಡ, ಅಳಸ್ತದ. ಮನಿ ಮುಟ್ಟಿದ ಕೂಡ್ಲೆ ಮೊಳಿಗೆ ಹಾಕು."

ಬೀದಿಗೆ ಬಂದಾಗ ಕೆಳಗಿನ ಸಾಲಿನಲ್ಲಿ ನನ್ನ ಹೆಸರು ಕಂಡಿತು. ಬೇರೆ ಯಾವ ಮಗುವಿನ ಹೆಸರೂ ಅಲ್ಲಿರಲಿಲ್ಲ. ನನ್ನದೊಂದೇ. ಲೆಕ್ಕ ನೋಡಿ ಬರೆದದ್ದರ ದೂರೇ ಇದು ಎಂದುಕೊಂಡೆ. ಅದರ ಮುಂದೆ ಏನಿದೆ, ಮೇಲೆ ಏನಿದೆ ಎಂದು ನಾನು ಓದಲಿಲ್ಲ. ಓದಲು ಧೈರ್ಯ ಬರಲಿಲ್ಲ. ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಹಗಲಲ್ಲೂ ಕತ್ತಲೆ. ಅಲ್ಲಿದ್ದ ನೀರಿನ ಬಾಲದಿಯಲ್ಲಿ ಲಂಗದ ಅಂಚನ್ನು ಅದ್ದಿ ಆ ಒಂದು ಸಾಲನ್ನು ಒರಸಿದೆ. ನೀರು ಹೆಚ್ಚಾಯಿತು. ಪಾಟಿಯನ್ನು ಓರೆ ಮಾಡಿದಾಗ ಅದು ಮೇಲಿನ ಸಾಲುಗಳ ಮೇಲೂ ಹರಿದು ಎಲ್ಲವೂ ಬೂದಿಬಣ್ಣವಾಯಿತು. ಅರ್ಧ ಅಳಿಸಿದ ಪಾಟಿ ಕಂಡರೆ ಪ್ರಶ್ನೆ ಬರುತ್ತದೆ. ಎಲ್ಲವನ್ನೂ ಒರಸಿ ಮೊಳೆಗೆ ತೂಗುಹಾಕಿದೆ. ಅಂಚಿನಿಂದ ಇನ್ನೂ ಹನಿ ಬೀಳುತ್ತಿತ್ತು.

ನಾಲ್ಕಕ್ಕೆ ಮೈಸೂರತ್ತೆ ಬಂದು ನೋಡಿದರು. "ಏನೇ ಇದು, ನಿಮ್ಮ ಮಾಸ್ತರಿಗೆ ಬಳಪ ಮುಗಿದುಹೋಯ್ತೇನೇ?"

"ಇವತ್ತು ಏನೂ ಬರೀಲಿಲ್ಲ, ಅತ್ತೆ."

"ಬಚಾವಾದ್ರಿ ಬಿಡಿ," ಎಂದು ನಕ್ಕು ಅವರು ಕೊಡ ತುಂಬಿಸಿಕೊಂಡರು. ಅಮ್ಮ ಮಾತ್ರ ನನ್ನ ಒದ್ದೆ ಲಂಗವನ್ನು ನೋಡಿದಳು.

ಮರುದಿನ ಬೆಳಿಗ್ಗೆ ಹೆಂಗಸರು ಎಂದಿನಂತೆ ನಮ್ಮನ್ನು ಶಾಲೆಗೆ ಕಳಿಸಿದರು. ಒಂಬತ್ತೂವರೆಗೆ ಗಂಟೆ ಬಾರಿಸಿದರು. ಶಾಲೆ ಬಿಡುವುದು ಹನ್ನೆರಡಕ್ಕೆ, ಆದ್ದರಿಂದ ನಮಗೆ ಅಚ್ಚರಿ. ಬಾಗಿಲಲ್ಲಿ ಬೇರೆ ಬಿಲ್ಡಿಂಗುಗಳ ತಾಯಂದಿರು, ಕೆಲವರ ತಂದೆಯರು, ಹೋಟೆಲಿನ ಉಡುಪಿನಲ್ಲೇ ಬಂದವರು. ಒಬ್ಬೊಬ್ಬರಾಗಿ ತಮ್ಮ ಮಕ್ಕಳನ್ನು ಕರೆದುಕೊಂಡು ಬಿರಬಿರನೆ ಹೊರಟುಹೋದರು. ಯಾರೂ ನಗುತ್ತಿರಲಿಲ್ಲ. ಕೋಣೆ ಖಾಲಿಯಾಗುತ್ತ ಬಂತು. ಕೊನೆಗೆ ಉಳಿದದ್ದು ನಾವು ಹನ್ನೊಂದು ಮಂದಿ.

ಮಾಸ್ತರರು ಕಿಟಕಿಗೂ ಬಾಗಿಲಿಗೂ ಓಡಾಡಿದರು. "ನಿಮ್ಮ ಬಿಲ್ಡಿಂಗಿನವರು ಯಾಕ ಬರವಲ್ರು?" ದೂರದಲ್ಲಿ ಸಮುದ್ರದ ಮೊರೆತದಂಥ ಸದ್ದು. ಅದು ಸಮುದ್ರವಲ್ಲ, ಜನ. ಕೆಳಗೆ ಅಂಗಡಿಗಳ ಶಟರುಗಳು ಧಡಧಡ ಇಳಿಯುತ್ತಿದ್ದವು. ಗಲಭೆಯಾಗಬಹುದು, ನಾಳೆ ಒಂಬತ್ತೂವರೆಗೇ ಬಂದು ಮಕ್ಕಳನ್ನು ಕರೆದೊಯ್ಯಿರಿ ಎಂದು ಹಿಂದಿನ ದಿನದ ಪಾಟಿಯಲ್ಲಿ ಇದ್ದಿರಬೇಕೆಂದು ನನಗೆ ಆಗ ಹೊಳೆಯಿತು.

ಇನ್ನು ಕಾಯುವಂತಿರಲಿಲ್ಲ. ಅವರು ನಮ್ಮನ್ನು ಜೋಡಿಜೋಡಿಯಾಗಿ ನಿಲ್ಲಿಸಿ, ಚಂದ್ರಿಯ ಕೈಯನ್ನು ನನ್ನ ಕೈಯಲ್ಲಿಟ್ಟರು. "ಪಾಟಿ ಮ್ಯಾಲೆ ಬರದಿದ್ನಲ್ಲವಾ, ಯಾರರೇ ಬರಲಿಕ್ಕೆ ಆಗದಿದ್ರ ಸಣ್ಣ ಹುಡುಗರ ಕೈ ನೀನು ಹಿಡೀಬೇಕು, ನಿನ್ನ ಮ್ಯಾಲೆ ನನಗ ಭರವಸಾ ಅದ ಅಂತ. ನಿಮ್ಮತ್ತಿ ಓದಿ ಹೇಳಲಿಲ್ಲೇನು?"

ನಾನು ತಲೆ ತಗ್ಗಿಸಿದೆ. ಅವರು ನನ್ನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದರು. ಆಮೇಲೆ ಮೆಟ್ಟಿಲಿಳಿದರು.

ಮನೆಗೆ ಹದಿನೈದು ನಿಮಿಷದ ದಾರಿ. ಮೊದಲ ಓಣಿ ಖಾಲಿಯಿತ್ತು, ನೆಲದ ತುಂಬ ಚಪ್ಪಲಿಗಳು ಬಿದ್ದಿದ್ದವು. ಎರಡನೆಯ ಓಣಿಯಲ್ಲಿ ಸುಟ್ಟ ವಾಸನೆ, ಕಣ್ಣುರಿ. ಅದರ ಬಾಯಿಗೆ ಬಂದಾಗ ದೊಡ್ಡ ರಸ್ತೆಯಿಂದ ಒಂದು ಗುಂಪು ನಮ್ಮತ್ತ ಓಡಿಬಂತು. ಹಿಂದಿನಿಂದ ಪಟಾಕಿಯಂಥ ಸದ್ದು, ಮತ್ತೆ ಮತ್ತೆ... ಯಾರದೋ ಮೊಣಕೈ ನನ್ನ ಕಿವಿಗೆ ಬಡಿಯಿತು. ಒಂದು ಹೋಟೆಲಿನ ಅರ್ಧ ಇಳಿದ ಶಟರಿನ ಕೆಳಗಿಂದ ಕೈಗಳು ಚಾಚಿ, "ಬನ್ನಿ ಮಕ್ಕಳೇ, ಒಳಗೆ ಬನ್ನಿ, ಬೇಗ!" ಎಂದು ನಮ್ಮನ್ನು ಎಳೆದುಕೊಂಡವು. ಒಳಗೆ ಹೋಗಿ ನೋಡುತ್ತೇನೆ, ನನ್ನ ಕೈ ಖಾಲಿ.

ಮಾಸ್ತರರು ಎಣಿಸಿದರು. ಹತ್ತು. ಮತ್ತೊಮ್ಮೆ ಎಣಿಸಿದರು.

"ಚಂದ್ರಿ," ಎಂದೆ ನಾನು.

ಹೋಟೆಲಿನ ಮಾಲೀಕರು ಅವರ ತೋಳು ಹಿಡಿದರು. "ಮಾಸ್ತರೇ, ಈಗ ಹೋಗ್ಬೇಡಿ. ಪೊಲೀಸರು ಗೋಲಿ ಹಾರಿಸ್ತಾ ಇದ್ದಾರೆ."

"ಕೂಸು ಹೊರಗದ, ಬಿಡ್ರಿ," ಎಂದು ಅವರು ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದರು. ಶಟರು ಪೂರ್ತಿ ಇಳಿಯಿತು.

ಗೋಡೆಯ ಗಡಿಯಾರದ ಪ್ರಕಾರ ಅವರು ಹೊರಗಿದ್ದದ್ದು ಇಪ್ಪತ್ತೈದು ನಿಮಿಷ. ಅಷ್ಟು ಹೊತ್ತೂ ನಾನು ಗಡಿಯಾರವನ್ನೇ ನೋಡುತ್ತಿದ್ದುದರಿಂದ ಈ ಅಂಕಿಯ ಬಗ್ಗೆ ನನಗೆ ಸಂಶಯವಿಲ್ಲ. ಹೊರಗೆ ಕಿರುಚು, ಓಟ, ಆಮೇಲೆ ಮೌನ. ಮೌನವೇ ಹೆಚ್ಚು ಭಯಾನಕ. ಚಂದ್ರಿ ಸತ್ತಿದ್ದಾಳೆ, ಮಾಸ್ತರರೂ ಸತ್ತಿದ್ದಾರೆ, ಕೊಂದದ್ದು ನನ್ನ ಲಂಗದ ಅಂಚು, ಎಂದು ಕುಳಿತಿದ್ದೆ. ಚಿಕ್ಕವರಿಗೆ ಯಾರೋ ಬನ್ಸ್ ಕೊಟ್ಟರು. ನನಗೂ ಕೊಟ್ಟರು. ಅದನ್ನು ಹಿಡಿದುಕೊಂಡೇ ಇದ್ದೆ.

ಶಟರಿಗೆ ಬಡಿದ ಸದ್ದು ಬಂದಾಗ ಯಾರೂ ಏಳಲಿಲ್ಲ. "ನಾನ್ರೀ," ಎಂಬ ದನಿ ಕೇಳಿದ ಮೇಲೆ ತೆರೆದರು. ಅವರ ಹೆಗಲ ಮೇಲೆ ಚಂದ್ರಿ, ಎರಡೂ ಕೈಯಿಂದ ಅವರ ಕೂದಲು ಹಿಡಿದಿದ್ದಳು. ಯಾವುದೋ ಕೈಗಾಡಿಯ ಅಡಿಯಲ್ಲಿ ಅಡಗಿದ್ದಳಂತೆ. ಅವರ ಕನ್ನಡಕ ಇರಲಿಲ್ಲ. ಹುಬ್ಬು ಸೀಳಿ ರಕ್ತ ಕೋಟಿನ ಮೇಲೆ ಇಳಿದಿತ್ತು.

ನಾವು ಬಿಲ್ಡಿಂಗು ಮುಟ್ಟಿದಾಗ ಹೆಂಗಸರೆಲ್ಲ ಕೆಳಗೆ ಬಂದು ನಿಂತಿದ್ದರು. ಅಮ್ಮ ನನ್ನನ್ನು ಎಳೆದುಕೊಂಡಳು. ಮೈಸೂರತ್ತೆ ಮಗಳನ್ನು ಕಸಿದುಕೊಂಡು, ಮೈಯೆಲ್ಲ ತಡವಿ ನೋಡಿ, ಆಮೇಲೆ ಮಾಸ್ತರರ ಕಡೆ ತಿರುಗಿದರು. ಯಾವಾಗಲೂ ನಗಿಸುವ ಆ ಬಾಯಿ ನಡುಗುತ್ತಿತ್ತು.

"ಒಂದು ಮಾತು ಹೇಳಿ ಕಳಿಸೋಕೆ ಆಗಲಿಲ್ವೇ ನಿಮಗೆ? ಎಲ್ಲರ ಮನೆಗೂ ಹೇಳಿದಿರಂತೆ. ನಮ್ಮ ಮಕ್ಕಳು ಮಕ್ಕಳಲ್ವೇ? ಆರನ್ನ ಎಣಿಸಲಿಲ್ಲ ಅಂತ ಬರೆಯೋಕೆ ಬರುತ್ತೆ, ಇದು ಬರೆಯೋಕೆ ಬರಲಿಲ್ವೇ?"

ಮಾಸ್ತರರು ಕಣ್ಣು ಕಿರಿದು ಮಾಡಿ ಮೊಳೆಯ ಮೇಲಿದ್ದ ಪಾಟಿಯನ್ನು ನೋಡಿದರು. ಅದು ಬರಿದಾಗಿತ್ತು. ನಂತರ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿದ್ದ ನನ್ನನ್ನು ನೋಡಿದರು. ಕನ್ನಡಕವಿಲ್ಲದೆ ಅವರಿಗೆ ಎಷ್ಟು ಕಂಡಿತೋ ನಾನರಿಯೆ. ಇನ್ನೇನು ಹೇಳುತ್ತಾರೆ, ಇನ್ನೇನು ಹೇಳುತ್ತಾರೆ...

"ತಪ್ಪಾತ್ರಿ ತಾಯಿ," ಎಂದರು. "ಬರಿಯೂದು ಮರತೆ."

ಆ ಮೇಲಿನ ದಿನಗಳ ಹೆದರಿಕೆ ಇನ್ನೊಂದು ಬಗೆಯದು. ಅವರು ಯಾವಾಗ ಬೇಕಾದರೂ ನಿಜ ಹೇಳಬಹುದಾಗಿತ್ತು. ನಾನು ಪ್ರತಿದಿನ ಕಾದೆ. ಹೇಳಲಿಲ್ಲ. ನಮ್ಮ ಬಿಲ್ಡಿಂಗಿನವರು ಹೆಡ್‌ಮಾಸ್ತರರಿಗೆ ದೂರು ಕೊಟ್ಟರು. ಪಾಟಿಗಳನ್ನು ನಿಲ್ಲಿಸುವಂತೆ ಅಪ್ಪಣೆಯಾಯಿತು. ಮನೆಯವರಿಗೆ ಏನಾದರೂ ತಿಳಿಸುವುದಿದ್ದರೆ ಇನ್ನು ಮುಂದೆ ಹೆಡ್‌ಮಾಸ್ತರರ ಸಹಿಯ ಚೀಟಿ. ಆ ಚೀಟಿಗಳನ್ನು ಓದಿ ಹೇಳುತ್ತಿದ್ದವರು ಮತ್ತೆ ಮಕ್ಕಳೇ. ವರ್ಷದ ಕೊನೆಯ ದಿನ, ಎಲ್ಲರೂ ಹೊರಟಾಗ, ಮಾಸ್ತರರು ನನ್ನ ತಲೆಯ ಮೇಲೆ ಕೈಯಿಟ್ಟರು. "ಏನರೇ ಬರದದ್ದು ಕೈಗೆ ಬಂದ್ರ ಪೂರ್ತಿ ಓದಬೇಕವಾ. ಹೆದರಿಕಿ ಆದ್ರೂ ಓದಬೇಕು." ಅಷ್ಟೇ. ಜೂನಿನಲ್ಲಿ ಶಾಲೆ ತೆರೆದಾಗ ಅವರಿರಲಿಲ್ಲ. ವರ್ಗವಾಯಿತೆಂದು ಕೆಲವರು, ಬಿಟ್ಟು ಊರಿಗೆ ಹೋದರೆಂದು ಕೆಲವರು ಅಂದರು. ಸಂಶೋಧಕಿಯಾಗಿ ಬೇರೆಯವರ ಜನನ ಮರಣಗಳ ವರ್ಷಗಳನ್ನು ತಾಳೆ ನೋಡುವುದರಲ್ಲೇ ನಾನು ವೃತ್ತಿಜೀವನ ಕಳೆದೆ. ಅವರು ತೀರಿಕೊಂಡ ವರ್ಷ ಮಾತ್ರ ನನಗೆ ಸಿಗಲಿಲ್ಲ.

ಕಲ್ಲು ಕೊಯ್ಯುವವನು ಹೋದ ಮೇಲೆ, ಸಂಜೆ, ವಿಕ್ರೋಳಿಯಲ್ಲಿರುವ ಚಂದ್ರಿಗೆ ಫೋನ್ ಮಾಡಿದೆ. ಅವಳಿಗೂ ಈಗ ಮೊಮ್ಮಕ್ಕಳು. ಆ ಗಲಭೆಯಾದದ್ದು ವಾರದ ಯಾವ ದಿನ ಎಂದು ಅವಳಿಗೇನಾದರೂ ನೆನಪಿದೆಯೇ ಎಂದು ಕೇಳುವುದು ನನ್ನ ನೆಪ.

"ದಿನ ಎಲ್ಲಿಂದ ನೆನಪಿರುತ್ತೆ ಅಕ್ಕ? ಗಾಡಿ ಕೆಳಗೆ ಒಂದು ನಾಯಿ ಇತ್ತು, ಅದು ನೆನಪಿದೆ. ಆ ಮಾಸ್ತರು ಹೇಳಿ ಕಳಿಸೋದನ್ನೇ ಮರೆತಿದ್ರಲ್ಲ... ಅಮ್ಮ ಸಾಯೋ ತನಕ ಅವರನ್ನ ಬಯ್ತಾನೇ ಇದ್ರು."

ಫೋನ್ ಇಟ್ಟುಬಿಡೋಣವೆನ್ನಿಸಿತು.

"ಅವರು ಮರೆತಿರಲಿಲ್ಲ, ಚಂದ್ರಿ," ಎಂದೆ. "ಬರೆದಿದ್ದರು. ನಾನು ಅಳಿಸಿದೆ." ಲಂಗದ ಅಂಚಿನಿಂದ ಮೊದಲುಮಾಡಿ ಎಲ್ಲವನ್ನೂ ಹೇಳಿದೆ.

ಆ ಕಡೆಯಿಂದ ಲೋಕಲ್ ರೈಲು ಹಾದುಹೋದ ಸದ್ದು ಕೇಳಿಸಿತು. ಬಯ್ಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ಅಮ್ಮನಿಗೆ," ಎಂದಳು ಕೊನೆಗೆ, "ಇನ್ನು ಇದನ್ನ ಯಾರು ಹೇಳ್ತಾರೆ ಅಕ್ಕ?"