ಕೆಂಪು ದಾರದ ಗಂಟು

ಭಾಷಾ ವಿಭಾಗದಲ್ಲಿ ಅವಳನ್ನು ಎಲ್ಲರೂ ಟೇಪಕ್ಕ ಎನ್ನುತ್ತಿದ್ದರು. ನೆಲಮಾಳಿಗೆಯ ಧ್ವನಿಮುದ್ರಣ ಕೋಣೆ ಇಪ್ಪತ್ತಾರು ವರ್ಷದಿಂದ ಅವಳ ವಶದಲ್ಲಿತ್ತು. ಎರಡು ಕಬ್ಬಿಣದ ಕಪಾಟು, ಒಂದು ಮೇಜು, ಎರಡು ಗಾಲಿಗಳ ಹಳೆಯ ಟೇಪ್ ಯಂತ್ರ. ಈ ಲೋಕದಲ್ಲಿ ಟೇಪಕ್ಕ ನಂಬುತ್ತಿದ್ದುದು ಆ ಯಂತ್ರವೊಂದನ್ನೇ. ಅದೂ ಮಧ್ಯಾಹ್ನದವರೆಗೆ ಮಾತ್ರ. ಆಮೇಲೆ ಅದು ಕಾದು ಕಿರಿಕಿರಿ ಮಾಡುತ್ತಿತ್ತು.

ಉಳಿದವರ ಮೇಲೆಲ್ಲ ಅನುಮಾನ. ಕಪಾಟಿನ ಹಿಡಿಗೆ, ಮೇಜಿನ ಖಾನೆಗೆ, ಮನೆಯಲ್ಲಿ ಸಕ್ಕರೆ ಡಬ್ಬಿಗೆ ಕೂಡ ಒಂದೆಳೆ ದಾರ ಕಟ್ಟಿಡುತ್ತಿದ್ದಳು. ದಾರ ಜರುಗಿದ್ದರೆ ಯಾರೋ ಕೈ ಹಾಕಿದ್ದಾರೆ ಎಂದರ್ಥ. ಗಂಡ ಜಾಣ, ಸಕ್ಕರೆ ಬೇಕಾದರೆ ಕೇಳಿಯೇ ಹಾಕಿಸಿಕೊಳ್ಳುತ್ತಿದ್ದ. ಅದೇ ಮನೆಯಲ್ಲಿ ಹನ್ನೆರಡು ವರ್ಷದಿಂದ ಇದ್ದ ನಾದಿನಿ ಮಾತ್ರ ಎರಡು ಸಲ ಸಿಕ್ಕಿಬಿದ್ದಿದ್ದಳು. ಈಗ ಆರು ತಿಂಗಳಿಂದ ಆ ನಾದಿನಿಯೇ ಪಕ್ಕದ ಕೋಣೆಗೆ ತಾತ್ಕಾಲಿಕ ಕೆಲಸಕ್ಕೆ ಬಂದಿದ್ದಳು, ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಏರಿಸಲು. ತನ್ನ ಕುರ್ಚಿಗೇ ಕಣ್ಣು ಹಾಕಿ ಬಂದಿದ್ದಾಳೆ ಎಂದು ಟೇಪಕ್ಕ ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದಳು. ಹಾಗಾಗಿ ಕೆಲಸ ಕಲಿಸುವ ಗೋಜಿಗೇ ಹೋಗಲಿಲ್ಲ. ಟೇಪನ್ನು ಯಂತ್ರಕ್ಕೆ ಹಾಕುವುದನ್ನು ತಾನೇ ಇಟ್ಟುಕೊಂಡು, ಕಂಪ್ಯೂಟರಿನ ಭಾಗವಷ್ಟೇ ಅವಳಿಗೆ ಬಿಟ್ಟಳು.

ಆ ವರ್ಷ ಕಪಾಟಿನ ಟೇಪುಗಳಿಗೆ ಕಾದಿದ್ದವಳು ಒಬ್ಬ ಸಂಶೋಧಕಿ. ವಿಯೆಟ್ನಾಮಿ ಮತ್ತು ಅಮೆರಿಕದ ಮೂಲನಿವಾಸಿಗಳ ನವಾಹೊ ಭಾಷೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಅವಳ ಕೆಲಸ. ಎರಡಕ್ಕೂ ನಂಟಿಲ್ಲ, ನಡುವೆ ಒಂದು ಮಹಾಸಾಗರವಿದೆ. ಆದರೂ ಎರಡರಲ್ಲೂ ದನಿ ಏರಿಸಿದರೆ ಒಂದು ಅರ್ಥ, ಇಳಿಸಿದರೆ ಇನ್ನೊಂದು. ಆ ಏರಿಳಿತವನ್ನು ಗೆರೆಯಾಗಿ ಬರೆಯಿಸಿ ಹೋಲಿಸುವುದೇ ಅವಳ ಪ್ರಬಂಧ. ಉಳಿದಂತೆ ಎರಡೂ ಉತ್ತರ ದಕ್ಷಿಣ. ವಿಯೆಟ್ನಾಮಿಯ ಪದಗಳು ಚಿಕ್ಕವು, ಎಲ್ಲಿ ಕೂರಿಸಿದರೂ ರೂಪ ಬದಲಿಸುವುದಿಲ್ಲ. ನವಾಹೊದ ಒಂದೇ ಕ್ರಿಯಾಪದ ಯಾರು, ಯಾರಿಗೆ, ಹೇಗೆ ಎಂಬುದನ್ನೆಲ್ಲ ಹೊತ್ತು ನಡೆಯುತ್ತದೆ.

ಸಂಶೋಧಕಿ ಟೀ ಕುಡಿಯುತ್ತ ಹೇಳಿದ ಒಂದು ಸಂಗತಿ ಟೇಪಕ್ಕನಿಗೆ ಬಹಳ ಹಿಡಿಸಿತು. ನವಾಹೊದಲ್ಲಿ ವಸ್ತುವೊಂದನ್ನು ಕೊಟ್ಟೆ ಎನ್ನುವಾಗ ಅದು ಹಗ್ಗದಂತೆ ಉದ್ದವೋ, ತೆಳ್ಳನೆ ಹಾಳೆಯೋ, ಗುಂಡಗಿನದೋ ಎಂಬುದಕ್ಕೆ ತಕ್ಕಂತೆ ಕ್ರಿಯಾಪದವೇ ಬೇರೆಯಾಗುತ್ತದಂತೆ. ಕದ್ದವರು ಬಾಯಿಬಿಟ್ಟರೆ ಅರ್ಧ ಸಿಕ್ಕಿಬಿದ್ದ ಹಾಗೆಯೇ ಎಂದು ಟೇಪಕ್ಕ ತಲೆದೂಗಿದಳು. ವಿಯೆಟ್ನಾಮಿಯ ರೀತಿ ಮಾತ್ರ ಅವಳಿಗೆ ಸರಿಬರಲಿಲ್ಲ. ಅಲ್ಲಿ ನಾನು, ನೀನು ಎನ್ನುವ ಬದಲು ಗುರುತಿಲ್ಲದವರನ್ನೂ ಅಕ್ಕ, ತಮ್ಮ, ಚಿಕ್ಕಮ್ಮ ಎಂದು ನಂಟು ಹಚ್ಚಿ ಮಾತಾಡುತ್ತಾರಂತೆ. ಗೊತ್ತಿಲ್ಲದವರಿಗೆ ಅಷ್ಟು ಸಲಿಗೆ ಯಾಕೆ ಎಂದಳು.

ವಿಯೆಟ್ನಾಮಿ ಟೇಪುಗಳನ್ನು ಟೇಪಕ್ಕ ತಾನೇ ಯಂತ್ರಕ್ಕೆ ಹಾಕಿ ಓಡಿಸಿಕೊಟ್ಟಳು. ಅಷ್ಟರಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಗೆ ಮೂರು ವಾರ ರಜೆ ಹಾಕಬೇಕಾಯಿತು. ನವಾಹೊದ ಹದಿನಾಲ್ಕು ಟೇಪುಗಳು ನಾದಿನಿಯ ಕೈಗೆ ಹೋದವು.

ರಜೆ ಮುಗಿಸಿ ಕುಂಟುತ್ತ ಬಂದವಳನ್ನು ವಿಭಾಗದ ಮುಖ್ಯಸ್ಥರು ಕರೆಸಿದರು. ನವಾಹೊದ ಗೆರೆಗಳು ಯಾವ ಪುಸ್ತಕಕ್ಕೂ ತಾಳೆಯಾಗುತ್ತಿಲ್ಲ, ದನಿ ಏರಬೇಕಾದ ಕಡೆ ಇಳಿಯುತ್ತಿದೆ ಎಂದರು. ಪ್ರಬಂಧ ಒಪ್ಪಿಸಲು ಹತ್ತು ದಿನ ಉಳಿದಿತ್ತು. ಟೇಪು ಕೆಡಿಸಿದ್ದು ನಾದಿನಿಯೇ ಎಂದಾದರೆ ಅವಳ ಕೆಲಸ ಮುಂದುವರಿಸುವ ಪತ್ರಕ್ಕೆ ಸೋಮವಾರ ತಾವು ಸಹಿ ಹಾಕುವುದಿಲ್ಲ ಎಂದೂ ಹೇಳಿದರು.

ಟೇಪಕ್ಕ ನೇರ ಕಪಾಟಿಗೆ ಹೋದಳು. ಟೇಪಿನ ಪ್ರತಿ ಗಾಲಿಗೂ ಅವಳು ಕೆಂಪು ದಾರ ಕಟ್ಟುತ್ತಿದ್ದಳು, ಗಂಟಿನ ಕಿವಿ ಎಡಕ್ಕೆ. ಈಗ ಹದಿನಾಲ್ಕರಲ್ಲೂ ಕಿವಿ ಬಲಕ್ಕಿತ್ತು. ದಾರ ಬಿಚ್ಚಿ, ಗೊತ್ತಾಗದಂತೆ ಮತ್ತೆ ಕಟ್ಟಿದ್ದಾಳೆ! ಇನ್ನೇನು ಸಾಕ್ಷಿ ಬೇಕು? ಒಂದು ಟೇಪನ್ನೂ ಹಾಕಿ ಕೇಳದೆ, ನಿಂತ ಕಾಲಲ್ಲೇ ಒಂದು ಪುಟ ದೂರು ಬರೆದು ಮುಖ್ಯಸ್ಥರ ಮೇಜಿನ ಮೇಲಿಟ್ಟು ಬಂದಳು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ನಾದಿನಿ ಎದುರಿಗೆ ಕೂತಳು. ಚೆನ್ನಾಗಿ ಉಂಡರೆ ಎಂಥ ಭಂಡತನ ಅನ್ನಿಸಿತು, ಅರ್ಧಕ್ಕೆ ಬಿಟ್ಟರೆ ಮನಸ್ಸಿನ ಅಳುಕು ಅನ್ನಿಸಿತು. ಅತ್ತಿಗೆಯ ಮಂಡಿ ನೋವು ಹೇಗಿದೆ ಎಂದು ಕೇಳಿದ್ದರಲ್ಲೂ ಟೇಪಕ್ಕನಿಗೆ ಏನೋ ಮಸಲತ್ತು ಕಂಡಿತು.

ಸಂಜೆಗೆ ಮುಂಚೆ ಸಂಶೋಧಕಿ ಅತ್ತು ಕಣ್ಣು ಕೆಂಪು ಮಾಡಿಕೊಂಡು ಬಂದಳು. ನವಾಹೊವನ್ನು ಪುಸ್ತಕದಲ್ಲಷ್ಟೇ ಓದಿದವಳು. ಮಾತು ಕೇಳಿ ತಪ್ಪು ಹಿಡಿಯುವ ಶಕ್ತಿ ಅವಳಿಗಿರಲಿಲ್ಲ. ನೀವಾದರೂ ಒಂದು ಸಲ ಕಿವಿಗೊಡಿ ಎಂದು ಬೇಡಿಕೊಂಡಳು. ನಾದಿನಿ ಏರಿಸಿಟ್ಟಿದ್ದನ್ನು ಟೇಪಕ್ಕ ಹಚ್ಚಿದಳು. ಮುದುಕರೊಬ್ಬರ ದನಿ. ಮಾತಿನ ನಡುವೆ ಲೋಟವೊಂದರ ಸದ್ದು. ಲೋಟ ಮೇಜಿಗೆ ತಗುಲಿದರೆ ಟಣ್ ಎಂದು ಎದ್ದು ನಿಧಾನಕ್ಕೆ ಕರಗಬೇಕು. ಇಲ್ಲಿ ಸದ್ದು ಎಲ್ಲಿಂದಲೋ ಸಣ್ಣಗೆ ಹುಟ್ಟಿ, ಬೆಳೆದು, ಟಕ್ಕೆಂದು ಕತ್ತರಿಸಿಹೋಯಿತು.

ಟೇಪಕ್ಕ ಉಳಿದವನ್ನೂ ಒಂದೊಂದಾಗಿ ಹಚ್ಚಿ ನೋಡಿದಳು. ಹದಿನಾಲ್ಕೂ ಟೇಪು ಹಿಂದುಮುಂದಾಗಿ ಓಡಿದ್ದವು.

ಟೇಪನ್ನು ಕೊನೆಯವರೆಗೆ ಓಡಿಸಿ, ಕೊನೆಯ ತುದಿಯೇ ಹೊರಗಿರುವಂತೆ ಎತ್ತಿಡುವುದು ಈ ಕಸುಬಿನ ಕ್ರಮ. ಇಲ್ಲದಿದ್ದರೆ ಸುತ್ತಿನಿಂದ ಸುತ್ತಿಗೆ ದನಿ ಅಂಟಿ, ಮಾತಿಗೆ ಮೊದಲೇ ಅದರ ಮಾರ್ದನಿ ಕೇಳುತ್ತದೆ. ಹಾಕುವ ಮುಂಚೆ ಹಿಂದಕ್ಕೆ ಸುತ್ತಿಕೊಳ್ಳಬೇಕು, ಮರೆತರೆ ಮಾತು ಕೊನೆಯಿಂದ ಮೊದಲಿಗೆ ಓಡುತ್ತದೆ. ಗಾಲಿಯ ಕೆಂಪು ದಾರ ಇದ್ದುದೇ ಅದನ್ನು ನೆನಪಿಸಲು. ಆ ಗುರುತನ್ನು ಇಪ್ಪತ್ತಾರು ವರ್ಷದಲ್ಲಿ ಅವಳು ಒಬ್ಬರಿಗೂ ಹೇಳಿರಲಿಲ್ಲ. ಹೇಳಿದರೆ ತನ್ನ ಕೆಲಸ ಯಾರಿಗೆ ಬೇಕಾದರೂ ಬಂದೀತು ಎಂಬ ಭಯ.

ನಾದಿನಿಯನ್ನು ಕರೆದು, ದಾರ ಬಿಚ್ಚಿ ಮತ್ತೆ ಕಟ್ಟಿದ್ದು ಯಾಕೆ ಎಂದು ಕೇಳಿದಳು. ದನಿಯಲ್ಲಿ ಗದರಿಕೆ ಉಳಿದಿರಲಿಲ್ಲ.

"ನೀವು ಸಕ್ಕರೆ ಡಬ್ಬಿಗೂ ಕಟ್ತೀರಲ್ಲ ಅತ್ತಿಗೆ. ಇದೂ ನನ್ನನ್ನ ಹಿಡಿಯೋಕೆ ಅಂದ್ಕೊಂಡೆ. ಒಂದೊಂದು ಗಂಟನ್ನೂ ನೋಡಿ ನೋಡಿ ಕೈಲಾದಷ್ಟು ಹಾಗೇ ಕಟ್ಟಿಟ್ಟೆ."

"ಕೇಳುವಾಗ ವಿಚಿತ್ರ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಆ ಭಾಷೆಯೇ ಹಾಗಿರಬಹುದು ಅಂದ್ಕೊಂಡೆ. ನಿಮ್ಮನ್ನ ಕೇಳೋಕೆ ಧೈರ್ಯ ಬರ್ಲಿಲ್ಲ."

ಎಲ್ಲವನ್ನೂ ಕಂಪ್ಯೂಟರಿನಲ್ಲೇ ತಿರುಗಿಸಲು ನಾದಿನಿಗೆ ಒಂದು ಗಂಟೆ ಸಾಕಾಯಿತು. ಗೆರೆಗಳು ಪುಸ್ತಕಕ್ಕೆ ತಾಳೆಯಾದವು, ಸಂಶೋಧಕಿ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಟೇಪಕ್ಕ ಮುಖ್ಯಸ್ಥರ ಕೋಣೆಗೆ ಹೋಗಿ ತಪ್ಪು ತನ್ನದೇ ಎಂದಳು. ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದಾಗ, ತನ್ನ ದೂರನ್ನು ವಾಪಸು ಕೊಡಿ ಎಂದಷ್ಟೇ ಬೇಡಿಕೊಂಡಳು. ಸೋಮವಾರದ ಪತ್ರಕ್ಕೆ ಅವರು ಆಗಲೇ ಸಹಿ ಹಾಕಿದರು. ದೂರನ್ನು ಮಾತ್ರ ಹಿಂದಕ್ಕೆ ಕೊಡಲಾಗಲಿಲ್ಲ. ವಿವರಣೆ ಕೇಳಿ ಅದನ್ನು ಅರ್ಧ ಗಂಟೆಯ ಹಿಂದೆಯೇ ನಾದಿನಿಯ ಮೇಜಿಗೆ ಕಳಿಸಿಯಾಗಿತ್ತು.

ಟೇಪಕ್ಕ ಕೆಳಗಿಳಿದು ಬಂದಾಗ ಆ ಹಾಳೆ ನಾದಿನಿಯ ಮುಂದೆ ಬಿಚ್ಚಿಕೊಂಡಿತ್ತು. ಕ್ಷಮೆ ಕೇಳುವ ಮಾತು ಟೇಪಕ್ಕನಿಗೆ ಅಭ್ಯಾಸವಿರಲಿಲ್ಲ. ಕೈಚೀಲದಿಂದ ಕಪಾಟಿನ ಬೀಗದ ಕೈ ತೆಗೆದು ಅವಳ ಮುಂದೆ ಚಾಚಿದಳು. ಇಪ್ಪತ್ತಾರು ವರ್ಷದಲ್ಲಿ ಅದು ಇನ್ನೊಬ್ಬರ ಕೈಗೆ ಹೋಗಿದ್ದೆಂದರೆ ಆ ಮೂರು ವಾರ ಮಾತ್ರ.

ನಾದಿನಿ ಕೈ ಮುಂದೆ ಮಾಡಲಿಲ್ಲ.

"ಮೊದಲು ನೀವೇ ನಿಂತು ಎಲ್ಲಾನೂ ಎಣಿಸಿಕೊಡಿ, ಮೇಡಂ. ಆಮೇಲೆ ತಗೋತೀನಿ."

ಹನ್ನೆರಡು ವರ್ಷದಲ್ಲಿ ಅವಳು ಅತ್ತಿಗೆ ಅನ್ನದೆ ಮೇಡಂ ಎಂದು ಕರೆದದ್ದು ಅದೇ ಮೊದಲು. ಟೇಪಕ್ಕ ಕಪಾಟು ತೆರೆದು, ಗಾಲಿಗಳನ್ನು ಮುಟ್ಟಿ ಮುಟ್ಟಿ ಎಣಿಸತೊಡಗಿದಳು. ನಾಲ್ಕಕ್ಕೆ ಬರುವಷ್ಟರಲ್ಲಿ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರುಮಾಡಿದಳು.