ತಿಂಡಿ ಆಯ್ತಾ ಅಂದಾಗ ನಾನು ತಿರುಗಿದ್ದು

ನಮ್ಮ ಪಿಸ್ತೂಲ್ ಸ್ಪರ್ಧೆಯಲ್ಲಿ ನಿಂತಲ್ಲೇ ಹೊಡೆಯೋದಲ್ಲ, ಓಡಾಡ್ತಾ ಹೊಡೀಬೇಕು. ಮಾಲೂರಿನ ಹೊರಗೆ, ಹಳೇ ಇಟ್ಟಿಗೆ ಗೂಡಿನ ಪಕ್ಕದ ಶೂಟಿಂಗ್ ರೇಂಜಿನಲ್ಲಿ ನಮಗೆ ಆ ನಡಿಗೆ ಕಲಿಸ್ತಿದ್ದವರು ಮುಳಬಾಗಿಲಿನ ಒಬ್ಬ ನಿವೃತ್ತ ಸುಬೇದಾರರು. ಮಂಡಿ ಸ್ವಲ್ಪ ಬಗ್ಗಿರಬೇಕು, ಹೆಜ್ಜೆ ಮೆತ್ತಗಿರಬೇಕು. ಮೈ ಎತ್ತ ತಿರುಗಿದರೂ ಪಿಸ್ತೂಲಿನ ನಳಿಗೆ ಮಾತ್ರ ಎದುರಿನ, ಗುಂಡು ತಡೆಯೋ ಮಣ್ಣುದಿಬ್ಬವನ್ನೇ ನೋಡ್ತಿರಬೇಕು.

ಅವತ್ತು ಖಾಲಿ ಪಿಸ್ತೂಲು ಹಿಡಿದು ಚೆನ್ನಾಗೇ ನಡೀತಿದ್ದೆ. ಬೆನ್ನ ಹಿಂದೆ ಬರ್ತಿದ್ದ ಸುಬೇದಾರರು ಇದ್ದಕ್ಕಿದ್ದಂತೆ, "ಏನಪ್ಪಾ, ತಿಂಡಿ ಆಯ್ತಾ?" ಅಂದ್ರು.

ಹಿರಿಯರು ಮಾತಾಡಿಸಿದಾಗ ಬೆನ್ನು ತೋರಿಸಿ ಉತ್ತರ ಕೊಡೋದುಂಟಾ? ಪೂರ್ತಿ ತಿರುಗಿ ನಿಂತು, "ಆಯ್ತು ಸಾರ್, ನಿಮ್ದು?" ಅಂದೆ. ನಳಿಗೆ ನೇರ ಅವರ ಎದೆಗಿತ್ತು.

ಅವರು ಮಿಸುಕಲಿಲ್ಲ. "ಅದು ಖಾಲಿ ಅಂತ ನೀನು ತೆಗೆದು ನೋಡಿದ್ಯಾ?"

ನೋಡಿರಲಿಲ್ಲ. ಮೇಜಿನ ಮೇಲಿತ್ತು, ಎತ್ಕೊಂಡಿದ್ದೆ, ಅಷ್ಟೇ.

"ನಾನು ನೋಡಿದ್ದೆ. ಅದಕ್ಕೇ ಧೈರ್ಯವಾಗಿ ತಿಂಡಿ ಆಯ್ತಾ ಅಂತ ಕೇಳ್ದೆ," ಅಂತ ನನ್ನ ಮಣಿಕಟ್ಟು ಹಿಡಿದು ದಿಬ್ಬದ ಕಡೆ ತಿರುಗಿಸಿದರು.

ಈಗ ಯಾರು ಹಿಂದಿನಿಂದ ಮಾತಾಡಿಸಿದರೂ ನಾನು ತಿರುಗಲ್ಲ. ಕೈಯಲ್ಲಿರೋದು ಬರೀ ಕಾಫಿ ಲೋಟವಾದರೂ ಗೋಡೆ ನೋಡ್ಕೊಂಡೇ ಉತ್ತರ. ಗನ್ ಹಿಡಿದ ಮೇಲೆ ಅಳಿಯನಿಗೆ ಕೊಬ್ಬು ಬಂದಿದೆ ಅಂತ ನಮ್ಮತ್ತೆ ಟೇಕಲ್ ಊರ ತುಂಬಾ ಹೇಳ್ಕೊಂಡು ಬಂದಿದ್ದಾರೆ.