ಉತ್ತರಿ ಮಳಿಯ ಕೂಸು

ಸಿಡುಬಿನ ಚುಚ್ಚುಮದ್ದು ಹಾಕಲು ಹನುಮಸಾಗರಕ್ಕೆ ಹೋಗಿದ್ದೆ. ರಿಜಿಸ್ಟರಿಗೆ ಕೂಸು ಹುಟ್ಟಿದ ದಿನ ಬೇಕಿತ್ತು.

“ಹೋದ ವರ್ಷ ಉತ್ತರಿ ಮಳ್ಯಾಗ್ರಿ, ಶುಕ್ರವಾರ. ಮಿಲಿಟ್ರಿ ಬರ್ತೈತಂತ ಊರೆಲ್ಲಾ ಬಾಗಲಾ ಹಾಕ್ಕೊಂಡಿತ್ತು,” ಅಂದಳು ತಾಯಿ ಕಾಸೀಂಬಿ.

“ಅವತ್ತ ನಿಜಾಮರು ಶರಣಾಗಿದ್ದು, ಗೊತ್ತೇನವ್ವಾ?” ಇತಿಹಾಸವೇ ನನ್ನ ರಿಜಿಸ್ಟರಿಗೆ ಬಂದಂತೆ ಹಿಗ್ಗಿದೆ.

“ಇರಬೇಕ್ರಿ. ನನಗ ಬ್ಯಾನಿ ಎದ್ದಿತ್ತು. ಬಾಜೂಮನಿ ಗೌರವ್ವನೇ ಹಿತ್ತಲ ಗ್ವಾಡಿ ಜಿಗಿದು ಬಂದು ಹೆರಿಗಿ ಮಾಡಿಸಿದ್ಲು.”

ಪಕ್ಕದಲ್ಲೇ ಕೂತಿದ್ದ ಮುದುಕಿ ಗೌರವ್ವ ಕೂಸಿನ ಕುಲಾವಿ ಸರಿಮಾಡಿದಳು. ೧೭ ಸೆಪ್ಟೆಂಬರ್ ೧೯೪೮ ಅಂತ ದಪ್ಪಕ್ಷರದಲ್ಲಿ ಬರೆದು, ಕೂಸಿನ ತೋಳಿಗೆ ಚುಚ್ಚಿದೆ. ಅದು ಚಿಟ್ಟನೆ ಚೀರಿತು. ಗೌರವ್ವ ಕಸಿದು ಎದೆಗವಚಿಕೊಂಡಳು.

“ಈ ವಯಸ್ಸಿನ್ಯಾಗ ನಾ ಗ್ವಾಡಿ ಜಿಗಿದಿದ್ದು, ನೀ ಬಂದು ಚುಚ್ಚಲಿ ಅಂತೇನೋ ತಮ್ಮಾ?”